ಗ್ರಾಫ್ ಗೆರೆ ಕೆಳಗಿಳಿದರೆ ಬಸ್ಸು ವಾಪಸ್ ಬಂತು ಅಂತಲಾ?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸ್, ಕನ್ನಡ ಮಾಧ್ಯಮ. ನಾವಿರುವುದು ಬೆಂಗಳೂರಿನ ಹನುಮಂತನಗರದಲ್ಲಿ. ಟ್ಯೂಷನ್‌ನಲ್ಲಿ "ಗೆರೆ ಮೇಲೆ ಹೋದರೆ ಪಾಸಿಟಿವ್ ಸ್ಲೋಪ್, ಕೆಳಗೆ ಬಂದರೆ ನೆಗೆಟಿವ್ ಸ್ಲೋಪ್" ಅಂತ ಹೇಳಿಕೊಟ್ಟಿದ್ದಾರೆ. ಅದನ್ನೇ ನಂಬಿ ಟೆಸ್ಟ್ ಬರೆದಳು, ಎರಡು ಕಡೆ ತಪ್ಪಾಯಿತು. ವೇಗ–ಕಾಲದ ಗ್ರಾಫ್‌ನಲ್ಲಿ ಗೆರೆ ಇಳಿದಿತ್ತು. "ಬಸ್ಸು ಹಿಂದಕ್ಕೆ ಬರುತ್ತಿದೆ" ಅಂತ ಬರೆದಳು. ಇನ್ನೊಂದರಲ್ಲಿ ಗೆರೆ ಪೂರ್ತಿ ಎಕ್ಸ್ ಅಕ್ಷದ, ಅಂದರೆ ಅಡ್ಡ ಅಕ್ಷದ, ಕೆಳಗಿತ್ತು. ನೆಗೆಟಿವ್ ಅಂದಳು, ಪಾಸಿಟಿವ್ ಅನ್ನಬೇಕಿತ್ತಂತೆ. ಮನೆಗೆ ಬಂದು ನನ್ನನ್ನೇ ಕೇಳಿದಳು: "ಅಮ್ಮ, ನಮ್ಮ ರಸ್ತೆ ಹೋಗುವಾಗ ಏರು, ಬರುವಾಗ ಇಳಿಜಾರು. ಗ್ರಾಫ್ ಗೆರೆನೂ ಹಾಗೇ ಅಲ್ವಾ? ಯಾವ ಕಡೆಯಿಂದ ನೋಡಬೇಕು ಅಂತ ಯಾರು ಹೇಳಿದ್ದು?" ನನಗೆ ಉತ್ತರ ತಿಳಿಯಲಿಲ್ಲ. ನಾನು ಓದಿದ್ದು ಬಿ.ಕಾಂ. ಸೂತ್ರ ಬಾಯಿಪಾಠ ಮಾಡಿಸಲಾ? ಟ್ಯೂಷನ್ ಬದಲಿಸಲಾ? ಮುಂದೆ ಕಾಮರ್ಸ್ ತೆಗೆದುಕೊಳ್ಳುತ್ತೇನೆ ಅನ್ನುತ್ತಾಳೆ, ಅಲ್ಲಿ ಇದೆಲ್ಲ ಬೇಕಾಗುತ್ತದಾ?

ಉತ್ತರ: ಮೊದಲು ನಿಮ್ಮ ಮಗಳ ಪ್ರಶ್ನೆಯನ್ನೇ ತೆಗೆದುಕೊಳ್ಳುತ್ತೇನೆ. ಅದು ತುಂಬಾ ಒಳ್ಳೆಯ ಪ್ರಶ್ನೆ. ಹೈಸ್ಕೂಲ್ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುವ ನನ್ನ ಅನುಭವದಲ್ಲಿ, ಸ್ಲೋಪ್ ಪಾಠದಲ್ಲಿ ಈ ಪ್ರಶ್ನೆ ಕೇಳುವ ಮಕ್ಕಳು ಕಡಿಮೆ. ಹೆಚ್ಚಿನವರು "ಮೇಲೆ ಪಾಸಿಟಿವ್, ಕೆಳಗೆ ನೆಗೆಟಿವ್" ಅಂತ ಬರೆದುಕೊಂಡು ಮುಂದೆ ಹೋಗುತ್ತಾರೆ. ಇವಳು ಆ ವಾಕ್ಯದಲ್ಲಿ ಬಿಟ್ಟುಹೋಗಿರುವುದನ್ನು ಹಿಡಿದಿದ್ದಾಳೆ.

ರಸ್ತೆಗೆ ದಿಕ್ಕಿಲ್ಲ. ಯಾವ ತುದಿಯಿಂದ ಬೇಕಾದರೂ ನಡೆಯಬಹುದು. ಆದರೆ ಗ್ರಾಫ್‌ನ ಎಕ್ಸ್ ಅಕ್ಷಕ್ಕೆ ದಿಕ್ಕಿದೆ. ಎಡದಿಂದ ಬಲಕ್ಕೆ ಸಂಖ್ಯೆ ದೊಡ್ಡದಾಗುತ್ತಾ ಹೋಗುತ್ತದೆ. ಸ್ಲೋಪ್ ಕೇಳುವುದು ಒಂದೇ ಮಾತು: ಎಕ್ಸ್ ಜಾಸ್ತಿ ಆದಂತೆ ವೈಗೆ, ಅಂದರೆ ಲಂಬ ಅಕ್ಷದ ಬೆಲೆಗೆ, ಏನಾಗುತ್ತದೆ? ವೈ ಕೂಡ ಜಾಸ್ತಿ ಆದರೆ ಪಾಸಿಟಿವ್. ಕಡಿಮೆ ಆದರೆ ನೆಗೆಟಿವ್. ಹಾಗೇ ಇದ್ದರೆ ಸೊನ್ನೆ. "ಎಡದಿಂದ ಬಲಕ್ಕೆ ನೋಡಬೇಕು" ಅನ್ನುವುದು ಇದರಿಂದಲೇ ಬಂದದ್ದು.

ಇಷ್ಟಕ್ಕೇ ಅವಳು ಸುಮ್ಮನಾಗಲಿಕ್ಕಿಲ್ಲ. "ನಾನು ಬಲದಿಂದಲೇ ಲೆಕ್ಕ ಮಾಡ್ತೀನಿ, ಏನಾಗುತ್ತೆ?" ಅಂದಾಳು. ಮಾಡಲಿ, ಮಾಡಿಸಿ. ಏರುವ ಗೆರೆಯ ಮೇಲೆ ಎರಡು ಬಿಂದು ಇಟ್ಟುಕೊಳ್ಳಿ: (1, 3) ಮತ್ತು (4, 9). ಮೊದಲನೆಯದು ಎಕ್ಸ್, ಎರಡನೆಯದು ವೈ. ಎಡದಿಂದ ಬಲಕ್ಕೆ ಹೋದರೆ ಎಕ್ಸ್ 3 ಹೆಚ್ಚಾಯಿತು, ವೈ 6 ಹೆಚ್ಚಾಯಿತು. ವೈನ ಬದಲಾವಣೆಯನ್ನು ಎಕ್ಸ್‌ನ ಬದಲಾವಣೆಯಿಂದ ಭಾಗಿಸಿದರೆ 2. ಈಗ ಬಲದಿಂದ ಎಡಕ್ಕೆ ಬನ್ನಿ. ಎಕ್ಸ್ 3 ಕಡಿಮೆಯಾಯಿತು, ಅಂದರೆ −3. ವೈ 6 ಕಡಿಮೆಯಾಯಿತು, ಅಂದರೆ −6. ಮೈನಸ್ಸನ್ನು ಮೈನಸ್ಸಿನಿಂದ ಭಾಗಿಸಿದರೆ ಮತ್ತೆ 2, ಅದೂ ಪ್ಲಸ್ 2.

ಇಳಿಯುವ ಗೆರೆಗೂ ಹೀಗೇ ಮಾಡಿ ನೋಡಿ. (2, 7) ಮತ್ತು (6, −1). ಎಡದಿಂದ: ಎಕ್ಸ್ +4, ವೈ −8, ಸ್ಲೋಪ್ −2. ಬಲದಿಂದ: ಎಕ್ಸ್ −4, ವೈ +8, ಸ್ಲೋಪ್ ಮತ್ತೆ −2. ಯಾವ ತುದಿಯಿಂದ ಹೊರಟರೂ ಗೆರೆಯ ಸ್ಲೋಪ್ ಬದಲಾಗುವುದೇ ಇಲ್ಲ. ನಡೆಯುವವರಿಗೆ ಏರು–ಇಳಿಜಾರು ಬದಲಾಗುತ್ತದೆ, ಯಾಕೆಂದರೆ ಅವರು ಎತ್ತರವೊಂದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸ್ಲೋಪ್ ಎರಡೂ ಬದಲಾವಣೆಗಳನ್ನು ಒಟ್ಟಿಗೆ ನೋಡುತ್ತದೆ. ಇದನ್ನು ಅವಳ ಕೈಯಿಂದಲೇ ಲೆಕ್ಕ ಮಾಡಿಸಿ. ನೀವು ಹೇಳುವುದಕ್ಕಿಂತ ಅವಳೇ ಕಂಡುಕೊಂಡರೆ ಚೆನ್ನ.

ಒಂದು ಎಚ್ಚರಿಕೆ. ಭಾಗಾಕಾರವನ್ನು ಭಿನ್ನರಾಶಿಯಾಗಿ ಬರೆಯುವಾಗ ಮೇಲೆ (ವೈ) ಒಂದು ಬಿಂದುವಿನಿಂದ ಶುರುಮಾಡಿ, ಕೆಳಗೆ (ಎಕ್ಸ್) ಇನ್ನೊಂದು ಬಿಂದುವಿನಿಂದ ಶುರುಮಾಡಬಾರದು. ಮೊದಲಿನ ಏರುವ ಗೆರೆಗೆ 9 − 3 ಅಂತ ಮೇಲೆ ಬರೆದು ಕೆಳಗೆ 1 − 4 ಅಂತ ಬರೆದರೆ −2 ಬರುತ್ತದೆ. ಗೆರೆ ಕಣ್ಣೆದುರಿಗೇ ಏರುತ್ತಿರುತ್ತದೆ, ಉತ್ತರ ಮಾತ್ರ ಮೈನಸ್. ಉತ್ತರ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಇದೇ. ಸೂತ್ರ ಗೊತ್ತಿರುವ ಮಕ್ಕಳೇ ಇದನ್ನು ಮಾಡುವುದು.

ಈಗ ಟೆಸ್ಟ್‌ನ ಎರಡು ತಪ್ಪುಗಳು. ಎಕ್ಸ್ ಅಕ್ಷದ ಕೆಳಗಿನ ಗೆರೆಯಿಂದ ಶುರು ಮಾಡೋಣ. ಇಲ್ಲಿ ಅವಳು "ಎಷ್ಟಿದೆ" ಅನ್ನುವುದನ್ನೂ "ಯಾವ ಕಡೆ ಹೋಗುತ್ತಿದೆ" ಅನ್ನುವುದನ್ನೂ ಒಂದು ಮಾಡಿಕೊಂಡಿದ್ದಾಳೆ. ಮನೆಯಲ್ಲಿ ಕರೆಂಟ್ ಹೋಯಿತು ಅಂದುಕೊಳ್ಳಿ. ಫ್ರೀಜರ್ ಒಳಗೆ −18 ಡಿಗ್ರಿ ಇದ್ದದ್ದು 4 ಗಂಟೆಯಲ್ಲಿ −10 ಆಯಿತು. ಎರಡೂ ಸೊನ್ನೆಯ ಕೆಳಗೇ ಇವೆ, ಗೆರೆ ಪೂರ್ತಿ ಅಕ್ಷದ ಕೆಳಗೇ ಬರುತ್ತದೆ. ಆದರೆ ಒಳಗೆ ಬಿಸಿ ಏರುತ್ತಿದೆ. 8 ಡಿಗ್ರಿ ಏರಿಕೆ, 4 ಗಂಟೆ, ಸ್ಲೋಪ್ ಗಂಟೆಗೆ +2 ಡಿಗ್ರಿ.

ಇದರ ಇನ್ನೊಂದು ಮುಖ ಕೆಆರ್‌ಎಸ್ ಅಣೆಕಟ್ಟೆಯಲ್ಲಿದೆ. ಬೆಂಗಳೂರಿನವರೆಲ್ಲ ಬೇಸಿಗೆಯಲ್ಲಿ ಅದರ ಮಟ್ಟ ನೋಡುತ್ತಲೇ ಇರುತ್ತೇವೆ. ಗರಿಷ್ಠ ಮಟ್ಟ 124.80 ಅಡಿ. ಅಣೆಕಟ್ಟು ತುಂಬಿ, ಮಳೆ ನಿಂತು, ನೀರು ಇಳಿಯಲು ಶುರುವಾದ ದಿನ ಮಟ್ಟ ತುಂಬಾ ಮೇಲಿರುತ್ತದೆ, ಆದರೆ ಸ್ಲೋಪ್ ಆಗಲೇ ನೆಗೆಟಿವ್. ಬೇಸಿಗೆ ಮುಗಿದು ಕೊಡಗಿನಲ್ಲಿ ಮಳೆ ಹಿಡಿದು ಒಳಹರಿವು ಶುರುವಾದ ದಿನ ಮಟ್ಟ ತೀರಾ ಕೆಳಗಿರುತ್ತದೆ, ಆದರೆ ಸ್ಲೋಪ್ ಪಾಸಿಟಿವ್. ಗೆರೆ ಎಲ್ಲಿದೆ ಅನ್ನುವುದರಿಂದ ಸ್ಲೋಪ್‌ನ ಚಿಹ್ನೆ ಗೊತ್ತಾಗುವುದಿಲ್ಲ.

ಬಸ್ಸಿನದು ಇನ್ನೂ ಸೂಕ್ಷ್ಮ. ನನಗೆ ಕೇಳಿದರೆ ಇದೇ ನಿಜವಾದ ಪಾಠ.

ಬಸ್ಸು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುತ್ತಿದೆ, ಅಂದರೆ ಗಂಟೆಗೆ 36 ಕಿಲೋಮೀಟರ್. ಮುಂದೆ ಸಿಗ್ನಲ್ ಕೆಂಪಾಯಿತು. ಡ್ರೈವರ್ ಒಂದೇ ಸಮನೆ ಬ್ರೇಕ್ ಒತ್ತಿ 5 ಸೆಕೆಂಡಿನಲ್ಲಿ ನಿಲ್ಲಿಸಿದರು. ವೇಗ–ಕಾಲದ ಗ್ರಾಫ್‌ನಲ್ಲಿ ಗೆರೆ 10ರಿಂದ 0ಗೆ ಇಳಿಯುತ್ತದೆ. ಸ್ಲೋಪ್ −2. ಅರ್ಥ ಏನು? ಪ್ರತಿ ಸೆಕೆಂಡಿಗೂ ಬಸ್ಸಿನ ವೇಗ ಸೆಕೆಂಡಿಗೆ 2 ಮೀಟರಿನಷ್ಟು ಕಡಿಮೆಯಾಗುತ್ತಿದೆ. ಅಷ್ಟೇ. ಬಸ್ಸು ಈ 5 ಸೆಕೆಂಡಿನಲ್ಲೂ ಮುಂದಕ್ಕೇ ಹೋಗಿದೆ. ಎಷ್ಟು ಅಂತಲೂ ಅದೇ ಗ್ರಾಫ್ ಹೇಳುತ್ತದೆ. ಗೆರೆಯ ಕೆಳಗಿನ ತ್ರಿಕೋನದ ವಿಸ್ತೀರ್ಣ ತೆಗೆದರೆ 25 ಮೀಟರ್. ಕೆಳಗಿಳಿಯುತ್ತಿರುವುದು ವೇಗ, ಬಸ್ಸಲ್ಲ.

ಹಾಗಾದರೆ "ವಾಪಸ್ ಬರುತ್ತಿದೆ" ಅನ್ನುವುದು ಯಾವ ಗ್ರಾಫ್‌ನಲ್ಲಿ ಸರಿ? ವೈ ಅಕ್ಷದ ಮೇಲೆ "ಮನೆಯಿಂದ ಎಷ್ಟು ದೂರದಲ್ಲಿದ್ದೇನೆ" ಅಂತ ಇದ್ದರೆ ಸರಿ. ಹನುಮಂತನಗರದಿಂದ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಕಾದು, ಮನೆಗೆ ಬಂದರೆ ಗೆರೆ ಏರುತ್ತದೆ, ಸಪಾಟಾಗುತ್ತದೆ, ಇಳಿಯುತ್ತದೆ. ಅದೇ ಪ್ರಯಾಣಕ್ಕೆ ವೈ ಅಕ್ಷದ ಮೇಲೆ "ಬಸ್ಸು ಒಟ್ಟು ಓಡಿದ ದೂರ" ಇಟ್ಟರೆ ಗೆರೆ ಇಳಿಯುವ ಮಾತೇ ಇಲ್ಲ. ವಾಪಸ್ ಬರುವಾಗಲೂ ಓಡಿದ ಕಿಲೋಮೀಟರ್ ಜಾಸ್ತಿಯೇ ಆಗುತ್ತದೆ. ಪಠ್ಯದಲ್ಲಿ ಚಲಿಸಿದ ದೂರ, ಸ್ಥಾನಪಲ್ಲಟ ಅಂತ ಬೇರೆ ಬೇರೆ ಮಾಡುವುದು ಇದಕ್ಕೇ. ನಿಂತಾಗಿನ ಸಪಾಟು ಗೆರೆಯನ್ನೂ ಗಮನಿಸಿ. ದೂರದ ಗ್ರಾಫ್‌ನಲ್ಲಿ ಸಪಾಟು ಅಂದರೆ ಬಸ್ಸು ನಿಂತಿದೆ. ವೇಗದ ಗ್ರಾಫ್‌ನಲ್ಲಿ ಸಪಾಟು ಅಂದರೆ ಒಂದೇ ವೇಗದಲ್ಲಿ ಓಡುತ್ತಿದೆ.

ನೋಡುವುದಕ್ಕೆ ಗೆರೆ ಒಂದೇ ಥರ, ಅರ್ಥ ಮಾತ್ರ ಬೇರೆ ಬೇರೆ. ಗೆರೆ ನೋಡುವ ಮೊದಲು ಎರಡು ಅಕ್ಷಗಳ ಪಕ್ಕ ಬರೆದಿರುವುದನ್ನು ಗಟ್ಟಿಯಾಗಿ ಓದುವ ಅಭ್ಯಾಸ ಮಾಡಿಸಿ. "ಸಮಯ ಜಾಸ್ತಿ ಆದಂತೆ ವೇಗ ಕಡಿಮೆ ಆಗುತ್ತಿದೆ" ಅಂತ ಬಾಯಲ್ಲಿ ಬಂದರೆ "ಬಸ್ಸು ಹಿಂದಕ್ಕೆ ಬರುತ್ತಿದೆ" ಅಂತ ಕೈ ಬರೆಯುವುದಿಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ಬಹಳ ಮನೆಗಳಲ್ಲಿ ನಾನು ಕೇಳುವ ಇನ್ನೊಂದು ನಂಬಿಕೆ ಇದೆ: ಪಾಸಿಟಿವ್ ಅಂದರೆ ಒಳ್ಳೆಯದು, ನೆಗೆಟಿವ್ ಅಂದರೆ ಕೆಟ್ಟದ್ದು. ಹಾಗೇನಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳು ಬತ್ತಿದವು. "ಎಷ್ಟು ಅಡಿ ಆಳದಲ್ಲಿ ನೀರಿದೆ" ಅನ್ನುವುದನ್ನು ತಿಂಗಳಿಂದ ತಿಂಗಳಿಗೆ ಗ್ರಾಫ್ ಹಾಕಿದರೆ, ನೀರು ಕೆಳಗೆ ಹೋದಷ್ಟೂ ಗೆರೆ ಏರುತ್ತದೆ. ಚೆಂದದ ಪಾಸಿಟಿವ್ ಸ್ಲೋಪ್, ಸುದ್ದಿ ಮಾತ್ರ ಕೆಟ್ಟದ್ದು. ಸಿಇಟಿಯಲ್ಲಿ ಅಂಕ ಜಾಸ್ತಿ ಆದಂತೆ ರ‍್ಯಾಂಕ್‌ನ ಸಂಖ್ಯೆ ಕಡಿಮೆಯಾಗುತ್ತದೆ. ಅದು ನೆಗೆಟಿವ್, ಎಲ್ಲರಿಗೂ ಬೇಕಾದ ನೆಗೆಟಿವ್.

ಈ ಬೋರ್‌ವೆಲ್ ವಿಷಯವನ್ನೇ ಮನೆಯಲ್ಲಿ ಮಾಡಿ ನೋಡಬಹುದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮಕ್ಕಳಿಗೆ ಇದರಷ್ಟು ಚೆನ್ನಾಗಿ ಹಿಡಿಸುವ ಇನ್ನೊಂದು ವಿಧಾನ ನನಗೆ ಸಿಕ್ಕಿಲ್ಲ. ಕಾವೇರಿ ನೀರು ಬಿಡುವ ದಿನ ಡ್ರಮ್ ತುಂಬಿಸುತ್ತೀರಲ್ಲ, ಆಗ ನಲ್ಲಿಯನ್ನು ಒಂದೇ ಸಮ ಬಿಡಿ. ಡ್ರಮ್ ಮೇಲಿಂದ ಕೆಳಗಿನವರೆಗೂ ಒಂದೇ ಅಗಲ ಇರಲಿ. ಬಟ್ಟೆ ಹೊಲಿಯುವ ಟೇಪಿನಲ್ಲಿ ಒಳಗಿನ ಎತ್ತರ ಅಳೆಯಿರಿ. 90 ಸೆಂಟಿಮೀಟರ್ ಇದೆ ಅಂದುಕೊಳ್ಳೋಣ. ಒಂದು ಉದ್ದ ಕೋಲನ್ನು ಒಳಗೆ ನೇರ ನಿಲ್ಲಿಸಿದರೆ ಎಲ್ಲಿಯವರೆಗೆ ಒದ್ದೆಯಾಗಿದೆ ಅಂತ ನೋಡಬಹುದು. ನಿಮಿಷಕ್ಕೊಮ್ಮೆ ಎರಡು ಅಳತೆ ಬರೆದುಕೊಳ್ಳಲಿ. ತಳದಿಂದ ನೀರಿನವರೆಗೆ ಎಷ್ಟು, ನೀರಿನಿಂದ ಡ್ರಮ್ಮಿನ ಬಾಯಿವರೆಗೆ ಎಷ್ಟು.

ಶುರುವಿನಲ್ಲಿ ತಳದಿಂದ 10, ಬಾಯಿಯಿಂದ 80. ಐದು ನಿಮಿಷ ಆದಮೇಲೆ ತಳದಿಂದ 25, ಬಾಯಿಯಿಂದ 65. ಎರಡನ್ನೂ ಒಂದೇ ಗ್ರಾಫ್ ಹಾಳೆಯ ಮೇಲೆ ಹಾಕಿಸಿ. ಒಂದು ಗೆರೆ ಏರುತ್ತದೆ, ಸ್ಲೋಪ್ ನಿಮಿಷಕ್ಕೆ +3 ಸೆಂಟಿಮೀಟರ್. ಇನ್ನೊಂದು ಇಳಿಯುತ್ತದೆ, ನಿಮಿಷಕ್ಕೆ −3. ಅದೇ ಡ್ರಮ್, ಅದೇ ನೀರು, ಅದೇ ನಲ್ಲಿ. ಅಳೆದ ಜಾಗ ಮಾತ್ರ ಬೇರೆ. ನಿಜವಾದ ಅಳತೆಯಲ್ಲಿ ಬಿಂದುಗಳು ಆಚೆ ಈಚೆ ಸ್ವಲ್ಪ ಸರಿಯುತ್ತವೆ. ಪರವಾಗಿಲ್ಲ, ಅವುಗಳ ನಡುವೆ ಸ್ಕೇಲ್ ಇಟ್ಟು ಒಂದು ನೇರ ಗೆರೆ ಎಳೆಯಲಿ.

ಅದೇ ಹಾಳೆಯಲ್ಲಿ ಇನ್ನೊಂದು ತಪ್ಪನ್ನೂ ಹಿಡಿಯಬಹುದು. ಕೆಲವು ಮಕ್ಕಳು ಒಂದೇ ಬಿಂದು ತೆಗೆದುಕೊಂಡು ವೈಯನ್ನು ಎಕ್ಸ್‌ನಿಂದ ಭಾಗಿಸಿಬಿಡುತ್ತಾರೆ. ಐದನೇ ನಿಮಿಷಕ್ಕೆ 25, ಹಾಗಾಗಿ 25 ಭಾಗಿಸು 5, ಉತ್ತರ 5. ತಪ್ಪು. ಶುರುವಿನಲ್ಲೇ 10 ಸೆಂಟಿಮೀಟರ್ ನೀರಿತ್ತಲ್ಲ, ಅದನ್ನು ನಲ್ಲಿ ಈ ಐದು ನಿಮಿಷದಲ್ಲಿ ತುಂಬಿಸಿದ್ದಲ್ಲ. ಬದಲಾವಣೆ ಬೇಕು, ಬದಲಾವಣೆಗೆ ಎರಡು ಬಿಂದು ಬೇಕು.

ಗೆರೆ ಎಷ್ಟು ಕಡಿದಾಗಿ ಕಾಣುತ್ತದೆ ಅನ್ನುವುದನ್ನು ನಂಬಬೇಡಿ ಅಂತಲೂ ಹೇಳಿಕೊಡಿ. ಬೆಂಗಳೂರಿನ ಆಟೋ ಮೀಟರ್ ದರ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ಆಯಿತು. ಅದಕ್ಕೆ ಮೊದಲು 30 ಮತ್ತು 15 ಇತ್ತು. ಗ್ರಾಫ್ ಹಾಕಿದರೆ ಮೊದಲ 2 ಕಿಲೋಮೀಟರ್ ಸಪಾಟು, ಸ್ಲೋಪ್ ಸೊನ್ನೆ. ಅಲ್ಲಿಂದ ಏರಿಕೆ, ಸ್ಲೋಪ್ 18. ಈಗ ವೈ ಅಕ್ಷದಲ್ಲಿ 1 ಸೆಂಟಿಮೀಟರಿಗೆ 10 ರೂಪಾಯಿ ಅಂತ ಇಟ್ಟುಕೊಂಡರೆ ಗೆರೆ ಗೋಡೆ ಹತ್ತಿದ ಹಾಗೆ ಕಾಣುತ್ತದೆ. 1 ಸೆಂಟಿಮೀಟರಿಗೆ 50 ರೂಪಾಯಿ ಇಟ್ಟುಕೊಂಡರೆ ಮಲಗಿದ ಹಾಗೆ ಕಾಣುತ್ತದೆ. ಆಟೋದವರು ತೆಗೆದುಕೊಳ್ಳುವ ದುಡ್ಡು ಎರಡರಲ್ಲೂ ಒಂದೇ. ಹಾಗಾಗಿ ಚೌಕ ಎಣಿಸಿ ಸ್ಲೋಪ್ ಬರೆಯಬಾರದು, ಕೋನಮಾಪಕ ಇಟ್ಟು ಅಳೆಯಲೂ ಬಾರದು. ಅಕ್ಷದ ಮೇಲಿನ ಬೆಲೆಗಳನ್ನು ಓದಬೇಕು. ಮತ್ತೆ ಆ 18 ಬರಿ 18 ಅಲ್ಲ, ಕಿಲೋಮೀಟರಿಗೆ 18 ರೂಪಾಯಿ. ಏಕಮಾನ ಬರೆದರೆ ಅರ್ಥ ತಾನಾಗಿ ಬರುತ್ತದೆ.

ನೆಟ್ಟಗೆ ಮೇಲಕ್ಕೆ ನಿಂತ ಗೆರೆಯ ಬಗ್ಗೆ ಒಂದೇ ಮಾತು: ಅಲ್ಲಿ ಎಕ್ಸ್ ಬದಲಾಗುವುದೇ ಇಲ್ಲ, ಸೊನ್ನೆಯಿಂದ ಭಾಗಿಸಲಾಗುವುದಿಲ್ಲ, ಅದಕ್ಕೆ ಸ್ಲೋಪ್ ಇಲ್ಲ. ಸೊನ್ನೆ ಅಂತ ಬರೆಯಬಾರದು.

ಈಗ ನಿಮ್ಮ ಮುಂದಿರುವ ದಾರಿಗಳು. ಸೂತ್ರ ಬಾಯಿಪಾಠ ಮಾಡಿಸುವುದರಲ್ಲಿ ತಪ್ಪಿಲ್ಲ, ಫಸ್ಟ್ ಪಿಯುಸಿಯಲ್ಲಿ ಗಣಿತ ತೆಗೆದುಕೊಂಡರೆ ಸರಳ ರೇಖೆಗಳ ಪಾಠಕ್ಕೆ ಬೇಕೇ ಬೇಕು. ಆದರೆ ಸೂತ್ರ ಒಂದನ್ನೇ ಕೊಟ್ಟರೆ −2 ಅಂತ ಉತ್ತರ ಬರುತ್ತದೆ, ಆ −2 ಬಸ್ಸಿಗೆ ಏನಾಯಿತು ಅಂತ ಹೇಳುತ್ತದೆ ಅನ್ನುವುದು ಬರುವುದಿಲ್ಲ. ಅವಳಿಗೆ ಅಂಕ ಹೋದದ್ದೇ ಅಲ್ಲಿ. ಟ್ಯೂಷನ್‌ನ "ಮೇಲೆ–ಕೆಳಗೆ" ನಿಯಮವನ್ನೂ ಪೂರ್ತಿ ಬಿಡಬೇಕಿಲ್ಲ. ಲೆಕ್ಕ ಮುಗಿದ ಮೇಲೆ ಚಿಹ್ನೆ ಸರಿ ಇದೆಯಾ ಅಂತ ಒಂದು ಸಲ ಕಣ್ಣಾಡಿಸಲು ಅದು ಚೆನ್ನಾಗಿದೆ. "ಎಡದಿಂದ ಬಲಕ್ಕೆ" ಅನ್ನುವ ಮಾತು ಸೇರಿಸಿಕೊಂಡರೆ ಸಾಕು.

ಗ್ರಾಫ್ ಹಾಕುವ ಜಿಯೋಜೀಬ್ರಾದಂಥ ಆ್ಯಪ್ ಹಾಕಿಕೊಡಬಹುದು, ದುಡ್ಡೇನೂ ಕೊಡಬೇಕಿಲ್ಲ. ಸಂಖ್ಯೆ ಬದಲಿಸಿದರೆ ಗೆರೆ ತಿರುಗುವುದು ಕಣ್ಣಿಗೆ ಕಾಣುತ್ತದೆ, ಮಕ್ಕಳಿಗೆ ಖುಷಿ. ತೊಂದರೆ ಏನೆಂದರೆ ಸ್ಕ್ರೀನ್ ಮೇಲೆ ಬೆರಳಾಡಿಸಿದರೆ ಅಕ್ಷದ ಅಳತೆಯೂ ಬದಲಾಗುತ್ತದೆ, ಅದು ಗಮನಕ್ಕೇ ಬರುವುದಿಲ್ಲ. ಪರೀಕ್ಷೆಯಲ್ಲಿ ಅಳತೆಯನ್ನು ತಾನೇ ಆರಿಸಿ, ಪೆನ್ಸಿಲ್ ಹಿಡಿದು ಹಾಕಬೇಕು. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಜೋಡಿ ಸಮೀಕರಣಗಳನ್ನು ನಕ್ಷೆಯ ಮೂಲಕ ಬಿಡಿಸುವ ಲೆಕ್ಕ ಇದೆ, ವಿಜ್ಞಾನದಲ್ಲಿ ಓಮ್‌ನ ನಿಯಮದ ಗ್ರಾಫ್ ಇದೆ. ಓಮ್‌ನ ಗ್ರಾಫ್‌ನಲ್ಲಿ ವೋಲ್ಟೇಜ್ ವೈ ಮೇಲೆ, ಕರೆಂಟ್ ಎಕ್ಸ್ ಮೇಲೆ ಇದ್ದರೆ ಸ್ಲೋಪ್ ಅಂದರೆ ರೋಧ (ರೆಸಿಸ್ಟನ್ಸ್). ಅಕ್ಷ ಅದಲುಬದಲಾದರೆ ರೋಧದ ವಿಲೋಮ, ಅಂದರೆ 1 ಭಾಗಿಸು ರೋಧ. ಇಲ್ಲೂ ಅಕ್ಷ ಓದದೆ ಗತಿಯಿಲ್ಲ. ಹಾಗಾಗಿ ನನ್ನ ಸಲಹೆ ಕಾಗದದ ಮೇಲೆ ಕೈಯಲ್ಲೇ ಹಾಕುವುದು. ಹೊತ್ತು ಹಿಡಿಯುತ್ತದೆ ನಿಜ. ವಾರಕ್ಕೆ ಒಂದೇ ಗ್ರಾಫ್ ಸಾಕು, ಆದರೆ ಅದರ ಅಂಕಿಗಳು ಅವಳೇ ಅಳೆದದ್ದಾಗಿರಲಿ. ಪ್ರತಿ ಗ್ರಾಫ್‌ನ ಕೆಳಗೆ ಒಂದು ಪೂರ್ತಿ ವಾಕ್ಯ ಬರೆಸಿ: ಇದು ಇಷ್ಟು ಹೆಚ್ಚಿದರೆ ಅದು ಇಷ್ಟು ಹೆಚ್ಚುತ್ತದೆ, ಇಲ್ಲವೇ ಇಷ್ಟು ಕಡಿಮೆಯಾಗುತ್ತದೆ. ನೀವು ತಿದ್ದಬೇಕಾದದ್ದು ಆ ವಾಕ್ಯ. ಅದಕ್ಕೆ ಗಣಿತ ಓದಿರಬೇಕಿಲ್ಲ.

ಕಾಮರ್ಸ್‌ನಲ್ಲಿ ಇದು ಖಂಡಿತ ಬೇಕು. ಪಿಯುಸಿ ಅರ್ಥಶಾಸ್ತ್ರದಲ್ಲಿ ಬೇಡಿಕೆ ರೇಖೆ ಇಳಿಯುತ್ತದೆ, ಪೂರೈಕೆ ರೇಖೆ ಏರುತ್ತದೆ. ನೀವೂ ಬಿ.ಕಾಂ.ನಲ್ಲಿ ಹಾಕಿರುತ್ತೀರಿ, ನೆನಪಿಸಿಕೊಳ್ಳಿ. ಬೆಲೆ ಏರಿದರೆ ಕೊಳ್ಳುವ ಪ್ರಮಾಣ ಇಳಿಯುತ್ತದೆ ಅನ್ನುವಾಗ ಬೆಲೆ ಎಕ್ಸ್ ಮೇಲೆ ಇರಬೇಕಿತ್ತು ಅನ್ನಿಸುತ್ತದೆ. ಆದರೆ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಕಾಲದಿಂದ ಅರ್ಥಶಾಸ್ತ್ರದವರು ಬೆಲೆಯನ್ನು ವೈ ಅಕ್ಷದ ಮೇಲೇ ಇಡುತ್ತಾರೆ. ಅಕ್ಷ ಅದಲುಬದಲಾದರೂ ನೆಗೆಟಿವ್ ನೆಗೆಟಿವ್ವಾಗಿಯೇ ಇರುತ್ತದೆ, ಸಂಖ್ಯೆ ಮಾತ್ರ ಬೇರೆಯಾಗುತ್ತದೆ. ಅಕ್ಷ ಓದುವ ಅಭ್ಯಾಸ ಈಗಲೇ ಆದರೆ ಅಲ್ಲಿ ಗಲಿಬಿಲಿಯಾಗುವುದಿಲ್ಲ.

ಟ್ಯೂಷನ್ ವಿಷಯ. ಈ ಒಂದು ನಿಯಮಕ್ಕಾಗಿ ಬದಲಿಸಬೇಡಿ. ಎಷ್ಟೋ ಒಳ್ಳೆಯ ಮೇಷ್ಟ್ರುಗಳೂ ಪರೀಕ್ಷೆ ಹತ್ತಿರ ಬಂದಾಗ ಹೀಗೆ ಚುಟುಕಾಗಿ ಹೇಳಿಬಿಡುತ್ತಾರೆ. ವರ್ಷದ ಮಧ್ಯದಲ್ಲಿ ಬದಲಿಸಿದರೆ ಉಳಿದ ಪಾಠಗಳ ಕೊಂಡಿ ತಪ್ಪುತ್ತದೆ, ಹೊಸ ಕಡೆ ಹೊಂದಿಕೊಳ್ಳುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ಬದಲಿಗೆ ಅವಳು ರಸ್ತೆಯ ಪ್ರಶ್ನೆಯನ್ನು ಅಲ್ಲೇ, ತರಗತಿಯಲ್ಲೇ ಕೇಳಲಿ. ಅವರು ಎರಡು ಬಿಂದು ಇಟ್ಟು ಎರಡೂ ಕಡೆಯಿಂದ ಲೆಕ್ಕ ಮಾಡಿ ತೋರಿಸಿದರೆ ನಿಶ್ಚಿಂತೆಯಿಂದ ಅಲ್ಲೇ ಇರಲಿ. "ಹೇಳಿದಷ್ಟು ಬರ್ಕೋ" ಅಂತ ಮತ್ತೆ ಮತ್ತೆ ಕೂರಿಸಿದರೆ, ವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ಹತ್ತನೇ ಕ್ಲಾಸ್ ಶುರುವಾಗುವ ಮುಂಚೆ ಬೇರೆ ಕಡೆ ಸೇರಿಸಿ.